ಸವೆಯದ ಬ್ಯಾಡ್ಜು

ಫೆಬ್ರವರಿ 6, 1984

ಅಕ್ಕನಿಗೆ ನಮಸ್ಕಾರಗಳು.

ಎರಡು ವರ್ಷ ಒಂದು ಸಾಲೂ ಬರೆಯದವನು ಈಗ ಪುಟಗಟ್ಟಲೆ ಬರೆದಿದ್ದಾನೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀನು ಮೂಗು ಮುರಿಯುತ್ತೀಯ. ಮುರಿ. ಕೆಲಸ ಬಿದ್ದಿದೆ.

ನಮ್ಮ ಬ್ಯಾಡ್ಜ್ ಸಂಗ್ರಾಹಕರ ಸಂಘದ ಪತ್ರಿಕೆ ಈ ಸಲ ಹಳೆಯ ಕುದುರೆಪಡೆಗಳ ಟೋಪಿ ಬ್ಯಾಡ್ಜುಗಳ ಮೇಲೆ ವಿಶೇಷ ಸಂಚಿಕೆ ತರುತ್ತಿದೆ. ಅದರಲ್ಲಿ ಹದಿನಾರು ಪುಟ ನನ್ನೊಬ್ಬನ ಸಂಗ್ರಹಕ್ಕೆ. ನಲವತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂಡಿಸಿದ ಐವತ್ತೊಂಬತ್ತು ಬ್ಯಾಡ್ಜುಗಳು ಮಖಮಲ್ಲಿನ ಹಲಗೆಯ ಮೇಲೆ ಸಾಲಾಗಿ ಕೂತಿವೆ. ಯಾವ ರೆಜಿಮೆಂಟನ್ನು ಯಾವ ವರ್ಷ ಕಟ್ಟಿದರು, ಯಾವುದನ್ನು ಯಾವುದರ ಜೊತೆ ಸೇರಿಸಿ ಎರಡು ಲಾಂಛನಗಳನ್ನು ಒಂದು ಮಾಡಿದರು, ಯಾವ ಯುದ್ಧದಲ್ಲಿ ಬಿಳಿಲೋಹ ಸಿಗದೆ ಇಡೀ ಬ್ಯಾಡ್ಜನ್ನು ಹಿತ್ತಾಳೆಯಲ್ಲೇ ಒತ್ತಿದರು, ಎಲ್ಲ ನನಗೆ ಬಾಯಿಪಾಠ. ನೀನು ಇದನ್ನೆಲ್ಲ ಕಿಲುಬು ಹಿಡಿದ ಹಿತ್ತಾಳೆ ಎನ್ನುತ್ತಿದ್ದೆ. ಅದೇ ಹಿತ್ತಾಳೆ ಈಗ ಅಚ್ಚಾಗುತ್ತಿದೆ.

ಲೇಖನ ಶುರುವಾಗುವುದು ಹೀಗೆ: "ನನಗೆ ಒಂಬತ್ತು ವರ್ಷ. ತಂದೆ ಕೊಟ್ಟಿದ್ದ ಒಂದು ಬೋಳು ಹಿತ್ತಾಳೆ ಬಿಲ್ಲೆ ಜೇಬಿನಲ್ಲಿತ್ತು. ಅದರ ಮೇಲೆ ಚಿತ್ರವಿಲ್ಲ, ಅಕ್ಷರವಿಲ್ಲ, ಮುಟ್ಟಿದರೆ ಅರ್ಧ ಸವೆದ ಸೋಪಿನ ಹಾಗೆ ನುಣುಪು. ಶಾಲೆಯ ಗೇಟಿನ ಬಳಿ ಮೇಲಿನ ತರಗತಿಯವನೊಬ್ಬನಿಗೆ ಅದನ್ನು ದಾಟಿಸಿ, ಅವನಿಂದ ಫಳಫಳ ಹೊಳೆಯುವ ಭರ್ಜಿಪಡೆಯ ಬ್ಯಾಡ್ಜನ್ನು ಹೊಡೆದುಕೊಂಡೆ. ಸಂಗ್ರಾಹಕನ ಕಣ್ಣು ನನಗೆ ಅಂದೇ ಇತ್ತು." ಆ ಭರ್ಜಿಪಡೆಯ ಬ್ಯಾಡ್ಜೇ ಇಂದಿಗೂ ನನ್ನ ಹಲಗೆಯ ಒಂದನೇ ನಂಬರು.

ಅರವತ್ತನೆಯದು ಅಪ್ಪನ ಬ್ಯಾಡ್ಜು ಆಗಬೇಕು. ಅವರ ರೆಜಿಮೆಂಟು ಕುದುರೆ ಬಿಟ್ಟು ಮೋಟಾರು ಹತ್ತಿದ ಮೇಲೆ ಅದರ ಅಚ್ಚನ್ನೇ ಒಡೆದು ಹಾಕಿದರಂತೆ. ನಮ್ಮ ಸಂಘದಲ್ಲಿ ಯಾರ ಬಳಿಯೂ ಅದಿಲ್ಲ. ಅಪ್ಪನ ಪೆಟ್ಟಿಗೆಯ ತಳದಲ್ಲಿ ಅದು ಇದೆ ಎಂದು ನನಗೆ ಗೊತ್ತು. ದಯವಿಟ್ಟು ಕಳಿಸು. "ಭರ್ಜಿ ಹಿಡಿದು ಕಾದಾಡಿದ ಸವಾರರಾದ ನನ್ನ ತಂದೆಯವರ ಬ್ಯಾಡ್ಜು" ಎಂದು ಫೋಟೋದ ಕೆಳಗೆ ಬರೆಯುತ್ತೇನೆ. ಅಪ್ಪನ ಹೆಸರು ಅಚ್ಚಾಗುವುದು ನಿನಗೂ ಸಂತೋಷವೇ ತಾನೇ.

ಇಂತಿ ನಿನ್ನ ತಮ್ಮ


ಫೆಬ್ರವರಿ 19, 1984

ಚಿರಂಜೀವಿ ಸವಾರನಿಗೆ,

ಶಾಲೆಯಲ್ಲಿ ನಿನಗಿದ್ದ ಹೆಸರು ಅದೇ ಅಲ್ಲವೇ. ನೀನು ಮರೆತಿರಲಾರೆ.

ಮೂಗು ಮುರಿಯಲು ಪುರುಸೊತ್ತಿರಲಿಲ್ಲ. ಹೊಸ ತರಗತಿಗಳು ಶುರುವಾಗುವ ಮುಂಚೆ ನೂರ ಹತ್ತು ಸಮವಸ್ತ್ರ ಹೊಲಿದು ಕೊಡಬೇಕು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ನಿನ್ನ ಕಾಗದ ಓದಿದೆ. ಅಷ್ಟು ಉದ್ದದ ಕಾಗದದಲ್ಲಿ ನಿನ್ನ ಭಾವ ಹೇಗಿದ್ದಾರೆ ಎಂಬ ಒಂದು ಸಾಲಿಲ್ಲ. ಬದುಕಿದ್ದಾರೆ.

ಅಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ನಿನಗೆ ರಜೆ ಸಿಗಲಿಲ್ಲ. ಎಲ್ಲ ಮುಗಿದ ಮೇಲೆ ಬಂದೆ, ವಾಪಸು ಹೋಗುವ ಟಿಕೀಟು ಜೇಬಿನಲ್ಲೇ ಇಟ್ಟುಕೊಂಡು. ಆವತ್ತು ಆ ಪೆಟ್ಟಿಗೆಯ ಕಡೆ ನೀನು ಕಣ್ಣು ಕೂಡ ಹಾಯಿಸಲಿಲ್ಲ. ಆರು ವರ್ಷ ಆದ ಮೇಲೆ ಅದರ ತಳ ನೆನಪಾಗಿದೆ.

ಕಳಿಸುವುದಿಲ್ಲ ಎಂದು ಬರೆದು ಕವರು ಅಂಟಿಸಿಯೂ ಆಗಿತ್ತು. ನಿನ್ನ ಭಾವ ಬಿಡಿಸಿದರು. "ಅವನ ಅಪ್ಪನೂ ಹೌದಲ್ವಾ, ಕಳ್ಸು" ಎಂದರು. ಅವರ ಮಾತಿಗೆ ಕಳಿಸುತ್ತಿದ್ದೇನೆ, ನಿನ್ನ ಮಾತಿಗಲ್ಲ.

ಅಪ್ಪ ಕಟ್ಟಿಟ್ಟ ಪೊಟ್ಟಣವನ್ನು ಕಟ್ಟಿಟ್ಟ ಹಾಗೇ ಕಳಿಸಿದ್ದೇನೆ. ದಾರದ ಗಂಟು ಅವರ ಕೈಯದ್ದೇ. ರೆಜಿಮೆಂಟು ಬಿಟ್ಟ ವಾರ ಹಾಕಿದ್ದು, ನಲವತ್ತಾರು ವರ್ಷದಿಂದ ಯಾರೂ ಬಿಚ್ಚಿಲ್ಲ, ನಾನೂ ಬಿಚ್ಚಿಲ್ಲ. ಕತ್ತರಿ ಹಾಕಬೇಡ, ಉಗುರಿನಲ್ಲಿ ಬಿಡಿಸು. ಸುತ್ತಿದ ಕಾಗದವನ್ನೂ ಜೋಪಾನ ಮಾಡು. ಫೋಟೋ ತೆಗೆದ ಮೇಲೆ ಬ್ಯಾಡ್ಜು, ಕಾಗದ ಎರಡೂ ನನ್ನ ಕೈಗೆ ವಾಪಸು ಬರಬೇಕು.

ಇನ್ನೊಂದು. ಫೋಟೋದ ಕೆಳಗೆ ಸವಾರ, ಭರ್ಜಿ, ಕಾದಾಟ ಎಂದೆಲ್ಲ ಬರೆಯಬೇಡ. ರೆಜಿಮೆಂಟಿನಲ್ಲಿದ್ದರು ಎಂದರೆ ಸಾಕು. ಯಾಕೆ ಎಂದು ಕೇಳಬೇಡ.

ಅಕ್ಕ


ಮಾರ್ಚ್ 3, 1984

ಅಕ್ಕನಿಗೆ,

ಪೊಟ್ಟಣ ತಲುಪಿತು. ಫೋಟೋ ತೆಗೆಯುವವರನ್ನು ಮನೆಗೇ ಕರೆಸಿದ್ದೆ, ಸಂಘದ ಅಧ್ಯಕ್ಷರೂ ಬಂದಿದ್ದರು. ಅವರೆದುರು ಬಿಚ್ಚಿ ನನ್ನ ಮಾನ ಹೋಯಿತು.

ನನ್ನ ಉದ್ಯೋಗ ನಿನಗೆ ಗೊತ್ತು. ಇಪ್ಪತ್ತಾರು ವರ್ಷದಿಂದ ತೂಕ ಮತ್ತು ಅಳತೆಯ ಪರೀಕ್ಷಕ. ಅಂಗಡಿಯವನು ತೂಕದ ಬಟ್ಟಿನ ತಳ ಕೊರೆದು ಸೀಸ ತೆಗೆದಿದ್ದರೆ ಕೈಯಲ್ಲಿ ಹಿಡಿದೇ ಹೇಳುತ್ತೇನೆ. ನನ್ನ ಕಣ್ಣಿಗೆ ಮಣ್ಣೆರಚುವ ಧೈರ್ಯ ನಿನಗೆ ಹೇಗೆ ಬಂತು?

ಕೇಳು, ಕಲಿಸಿಕೊಡುತ್ತೇನೆ. ಕುದುರೆಪಡೆಯವನು ಟೋಪಿಯ ಬ್ಯಾಡ್ಜನ್ನು ದಿನಾ ಬೆಳಿಗ್ಗೆ ಪಾಲಿಶ್ ಹಾಕಿ ಉಜ್ಜಲೇಬೇಕು, ಇಲ್ಲವಾದರೆ ಶಿಕ್ಷೆ. ಹತ್ತು ವರ್ಷ ಉಜ್ಜಿದರೆ ಅದರ ಮೇಲಿನ ಕುದುರೆಯ ಕಣ್ಣು ಹೋಗುತ್ತದೆ. ಹದಿನೈದಕ್ಕೆ ಕೇಸರ ಹೋಗುತ್ತದೆ, ರೆಜಿಮೆಂಟಿನ ಸಂಖ್ಯೆ ಅಳಿಯುತ್ತದೆ. ಅಪ್ಪ ಹದಿನೆಂಟು ವರ್ಷ ಇದ್ದವರು. ಅವರ ಬ್ಯಾಡ್ಜು ಪೂರ್ತಿ ಬೋಳಾಗಿರಬೇಕು. ನಾವು ಅಸಲಿಯನ್ನು ಗುರುತಿಸುವುದೇ ಸವೆತದಿಂದ. ನೀನು ಕಳಿಸಿದ್ದರಲ್ಲಿ ಕುದುರೆಯ ಮೂಗಿನ ಹೊಳ್ಳೆ, ಕಡಿವಾಣದ ಉಂಗುರ, ಕೇಸರದ ಒಂದೊಂದು ಎಳೆ ಎಣಿಸಬಹುದು. ಒಂದು ದಿನವೂ ಟೋಪಿ ಕಂಡ ಬ್ಯಾಡ್ಜಲ್ಲ ಅದು. ಇಂಥವನ್ನು ಈಗ ಹೊಸದಾಗಿ ಒತ್ತಿ ಹಳೆಯದೆಂದು ದಾಟಿಸುವವರು ಬೇಕಾದಷ್ಟು ಜನ ಇದ್ದಾರೆ.

ನಲವತ್ತಾರು ವರ್ಷ ಯಾರೂ ಬಿಚ್ಚಿಲ್ಲ ಎಂದೆ. ಇರಲಿ. ಅದಕ್ಕೆ ಮುಂಚೆ ಹದಿನೆಂಟು ವರ್ಷ ತಲೆಯ ಮೇಲೆ ಹೊತ್ತದ್ದು ಎಲ್ಲಿ ಹೋಯಿತು? ಅದನ್ನು ಯಾರಿಗೆ ಕೊಟ್ಟೆ? ಸುತ್ತಿದ ಕಾಗದವೂ ಸರಿಯಾಗಿದೆ, ಯಾವುದೋ ಅಂಗಡಿಯ ಹಳೇ ಚೀಟಿ, ಪೆನ್ಸಿಲ್ಲಿನಲ್ಲಿ ಬರೀ ಅಂಕಿಗಳು. ಹಳೆಯದಾಗಿ ಕಾಣಲಿ ಎಂದು ಅದರಲ್ಲಿ ಸುತ್ತಿದ್ದೀಯ. ಸವಾರ ಎಂದು ಬರೆಯಬೇಡ ಎಂಬ ಅಪ್ಪಣೆ ಬೇರೆ. ಏನನ್ನೋ ಮುಚ್ಚಿಡುತ್ತಿದ್ದೀಯ. ನಾನು ಕೆದಕದೆ ಬಿಡುವವನಲ್ಲ.

ತಮ್ಮ


ಮಾರ್ಚ್ 10, 1984

ತಕ್ಕಡಿ ಸಾಹೇಬರಿಗೆ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಕಾಜ ಹೊಲಿಯುವ ಹೆಂಗಸು ಕೆಲಸ ನಿಲ್ಲಿಸಿ, "ಇವ್ರು ನಿಮ್ ಒಡಹುಟ್ಟಿದವ್ರಾ?" ಎಂದು ಕೇಳಿದಳು. ಹೌದು, ಅಪ್ಪ ಎತ್ತಿ ಆಡಿಸಿದ್ದು ಅವನನ್ನೇ ಎಂದೆ.

ಅಪ್ಪನ ಬ್ಯಾಡ್ಜನ್ನು ನಾನು ಮಾರಿಕೊಂಡೆನೆ? ಅವರ ಮಲಮೂತ್ರ ಬಳಿದ ಕೈ ಇದು. ಆ ಕೈ ಅವರ ಪೆಟ್ಟಿಗೆಯಿಂದ ಕದಿಯಿತೆ? ದಿನಾ ಕಳ್ಳರನ್ನೇ ನೋಡಿ ನೋಡಿ ನಿನ್ನ ಕಣ್ಣಿಗೆ ಊರೆಲ್ಲ ಕಳ್ಳರೇ ಕಾಣುತ್ತಾರೆ. ಬಟ್ಟಿನ ತಳ ನೋಡಿದ ಹಾಗೆ ಅಕ್ಕನ ತಳವನ್ನೂ ಕೆರೆದು ನೋಡುತ್ತೀಯ.

ಸವೆತದ ಪಾಠ ಓದಿದೆ. ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದೀಯ. ಆ ಸಾಲುಗಳನ್ನು ನೀನೂ ಇನ್ನೊಮ್ಮೆ ಓದಿಕೋ, ಆಮೇಲೆ ನಿನ್ನ ಲೇಖನದ ಆರಂಭವನ್ನೂ ಓದಿಕೋ. ಬುದ್ಧಿ ಇದ್ದರೆ ಹೊಳೆಯುತ್ತದೆ. ಹೊಳೆಯದಿದ್ದರೆ ನನ್ನ ಬಾಯಿಂದ ಬರುವುದಿಲ್ಲ.

ಅದು ಅಪ್ಪನ ಬ್ಯಾಡ್ಜೇ. ಬೇಡದಿದ್ದರೆ ವಾಪಸು ಕಳಿಸು, ಅಂಗಡಿಯ ಚೀಟಿ ಎಂದೆಯಲ್ಲ, ಆ ಕಾಗದದ ಸಮೇತ. ಇಲ್ಲಿ ಅದಕ್ಕೆ ಜಾಗ ಇದೆ.

ಅಕ್ಕ


ಏಪ್ರಿಲ್ 2, 1984

ಶ್ರೀಮತಿಯವರಿಗೆ,

ನಿಮ್ಮ ಒಗಟು ಬಿಡಿಸುತ್ತಾ ಕೂರುವಷ್ಟು ಬಿಡುವು ನನಗಿಲ್ಲ. ಅದಕ್ಕೇ ಸೇನೆಯ ಹಳೆಯ ದಾಖಲೆಗಳ ಕಚೇರಿಗೆ ಬರೆದು ಕೇಳಿದೆ. ಉತ್ತರ ಬಂದಿದೆ. ಅಪ್ಪನ ರೆಜಿಮೆಂಟಿನ ಸವಾರರ ಪಟ್ಟಿಯನ್ನು ಇಪ್ಪತ್ತು ವರ್ಷದ ಉದ್ದಕ್ಕೂ ನೋಡಿದರಂತೆ. ನಮ್ಮ ತಂದೆಯ ಹೆಸರು ಎಲ್ಲಿಯೂ ಇಲ್ಲ.

ಸವಾರ ಎಂದು ಬರೆಯಬೇಡ ಎಂದು ನೀವು ಯಾಕೆ ಹೇಳಿದಿರಿ ಎಂಬುದು ಈಗ ಅರ್ಥವಾಯಿತು. ನಿಮಗೆ ಮೊದಲೇ ಗೊತ್ತಿತ್ತು. ಅಪ್ಪ ಕುದುರೆಪಡೆಯಲ್ಲಿ ಇರಲೇ ಇಲ್ಲ. ಎಲ್ಲಿಂದಲೋ ಒಂದು ಬ್ಯಾಡ್ಜು ತಂದು, ಕಾಗದದಲ್ಲಿ ಸುತ್ತಿ, ಜೀವಮಾನವೆಲ್ಲ ಅದರ ಮೇಲೆ ಕೂತು ನಮಗೆ ಕಥೆ ಹೇಳಿದರು. ಆ ಕಥೆಯನ್ನು ನಂಬಿ ನಾನು ಶಾಲೆಯಲ್ಲಿ ಎದೆ ಉಬ್ಬಿಸಿದೆ, ಆ ಕಥೆಯನ್ನು ನಂಬಿ ನಲವತ್ತು ವರ್ಷ ಈ ಹಲಗೆ ತುಂಬಿಸಿದೆ. ನನ್ನ ಇಡೀ ಬದುಕಿನ ಬಟ್ಟು ತಳದಲ್ಲೇ ಟೊಳ್ಳು ಎಂದು ಐವತ್ತು ಹತ್ತಿರ ಬಂದಾಗ ತಿಳಿಯುವುದು ಹೇಗಿರುತ್ತದೆ ಎಂದು ನಿಮಗೆ ಗೊತ್ತಾಗುವುದಿಲ್ಲ.

ನಾನು ಅಡ್ಡಗೋಡೆಯ ಮೇಲೆ ದೀಪ ಇಡುವವನಲ್ಲ. ಬ್ಯಾಡ್ಜಿನ ಫೋಟೋ ಹಾಕಿಸುತ್ತೇನೆ, ಅದರ ಕೆಳಗೆ ಹೀಗೆ ಬರೆಯುತ್ತೇನೆ: "ಇದು ನಕಲಿ. ಲೇಖಕನ ತಂದೆ ತಾವು ಕುದುರೆಪಡೆಯವರೆಂದು ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳೆಂದು ದಾಖಲೆಗಳಿಂದ ತಿಳಿದಿದೆ. ಮನೆಯವರ ಮಾತನ್ನು ನಂಬಿ ಸಂಗ್ರಹ ಮಾಡುವವರಿಗೆ ಇದು ಎಚ್ಚರಿಕೆಯಾಗಲಿ."

ಸಂಚಿಕೆ ಏಪ್ರಿಲ್ ಇಪ್ಪತ್ತೈದಕ್ಕೆ ಅಚ್ಚಿಗೆ ಹೋಗುತ್ತದೆ.

ಇಂತಿ


ಏಪ್ರಿಲ್ 9, 1984

ನೀವು ಎಂದು ಬರೆದೆಯಾ? ಆಗಲಿ. ನಾನು ನೀನು ಎಂದೇ ಬರೆಯುತ್ತೇನೆ, ನಿನ್ನ ಮೂಗು ಒರೆಸಿದವಳು.

ಆ ನಾಲ್ಕು ಸಾಲು ಹಾಕಬೇಡ. ನನಗೆ ಏನು ಬೇಕಾದರೂ ಅನ್ನು, ಕಳ್ಳಿ ಎಂದು ಬರೆ, ನನ್ನ ಹೆಸರು ಹಾಕಿಯೇ ಬರೆ. ಅಪ್ಪನ ಹೆಸರಿನ ಪಕ್ಕದಲ್ಲಿ ಸುಳ್ಳು ಎಂಬ ಮಾತು ಅಚ್ಚಾಗಬಾರದು. ಅಪ್ಪ ರೆಜಿಮೆಂಟು ಬಿಟ್ಟ ಮೇಲೆ ಅವರ ಜೊತೆ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಇಬ್ಬರು ಮುದುಕರು ಇನ್ನೂ ಇದ್ದಾರೆ. ಪ್ಯಾಂಟು ಉದ್ದ ಮಾಡಿಸುವ ನೆಪದಲ್ಲಿ ನನ್ನ ಅಂಗಡಿಗೆ ಬಂದು ಅರ್ಧ ಗಂಟೆ ಅಪ್ಪನ ಮಾತಾಡಿ ಹೋಗುತ್ತಾರೆ. ಅಂಥ ಮನುಷ್ಯನನ್ನು ಅವರು ಮತ್ತೆ ನೋಡಲಿಲ್ಲವಂತೆ.

ನಾನು ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. ಈಗ ಒಡ್ಡಿದ್ದೇನೆ. ಕಾರಣ ಕೇಳದೆ ಬಿಟ್ಟುಬಿಡು. ಕಾರಣ ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ.

ಅಕ್ಕ


ಏಪ್ರಿಲ್ 13, 1984

ಶ್ರೀಮತಿಯವರಿಗೆ,

ತಪ್ಪು ಬಟ್ಟು ಸಿಕ್ಕಾಗಲೂ ಅಂಗಡಿಯವರು ಹೀಗೇ ಕೈ ಮುಗಿಯುತ್ತಾರೆ. ಮನೆಯಲ್ಲಿ ಮುದುಕರಿದ್ದಾರೆ ಎನ್ನುತ್ತಾರೆ. ನಾನು ಒಬ್ಬನನ್ನೂ ಬಿಟ್ಟಿಲ್ಲ. ಅಪ್ಪ ಎಂದು ರಿಯಾಯಿತಿ ಕೊಟ್ಟರೆ ಇಷ್ಟು ವರ್ಷ ದಂಡ ಹಾಕಿಸಿಕೊಂಡವರಿಗೆ ಏನು ಹೇಳಲಿ?

ಪುರಾವೆ ಇದ್ದರೆ ಕಳಿಸಿ. ಇಲ್ಲದಿದ್ದರೆ ಇಪ್ಪತ್ತೈದಕ್ಕೆ ಅಚ್ಚು.


ಏಪ್ರಿಲ್ 17, 1984

ತಮ್ಮನಿಗೆ,

ಕೊಟ್ಟ ಮಾತನ್ನು ಇವತ್ತು ಮುರಿಯುತ್ತಿದ್ದೇನೆ. ಅದರ ಪಾಪ ನಿನಗೇ ಇರಲಿ.

ಅಪ್ಪ ಸವಾರರಲ್ಲ. ಲಾಳಗಾರರು. ಆ ರೆಜಿಮೆಂಟಿನ ಕುದುರೆಗಳಿಗೆ ಹದಿನೆಂಟು ವರ್ಷ ಲಾಳ ಹೊಡೆದವರು. ನೀನು ಕೇಳಿದ್ದು ಸವಾರರ ಪಟ್ಟಿ, ಅವರು ನೋಡಿದ್ದೂ ಅದನ್ನೇ. ಲಾಳ ಹೊಡೆಯುವವರು, ಜೀನು ಹೊಲಿಯುವವರು, ಅಡುಗೆಯವರು ಬೇರೆ ಪಟ್ಟಿಯಲ್ಲಿರುತ್ತಾರೆ. ಕುದುರೆ ಇದ್ದ ಕಡೆ ಅದರ ಕಾಲು ಹಿಡಿಯುವವನೂ ಒಬ್ಬ ಇರುತ್ತಾನೆ ಎಂದು ಐವತ್ತೊಂಬತ್ತು ಬ್ಯಾಡ್ಜಿನ ಪಂಡಿತನಿಗೆ ಹೊಳೆಯಲಿಲ್ಲ. ಬೇಕಾದರೆ ಮತ್ತೆ ಬರೆದು ಕೇಳು.

ಆಗ ನಿನಗೆ ಮೂರು ವರ್ಷ, ನನಗೆ ಹನ್ನೊಂದು. ಲಾಯದ ಹಿಂದಿನ ಸಾಲುಮನೆಯಲ್ಲಿದ್ದೆವು. ರೆಜಿಮೆಂಟಿಗೆ ಮೋಟಾರು ಬರುತ್ತದೆ, ಕುದುರೆಗಳು ಹೋಗುತ್ತವೆ ಎಂದು ಸುದ್ದಿಯಾಯಿತು. ಕೊನೆಯ ಕವಾಯತಿಗೆ ಎಲ್ಲರಿಗೂ ಹೊಸ ಬ್ಯಾಡ್ಜು ಹಂಚಿದರು. ಅಪ್ಪನಿಗೂ ಕೊಟ್ಟರು. ನೀನು ನಕಲಿ ಎಂದದ್ದು ಅದನ್ನೇ.

ಕವಾಯತಿಗೆ ನಾಲ್ಕು ದಿನ ಇರುವಾಗ ಅಪ್ಪಣೆ ಬಂತು. ಚಿಕ್ಕ ವಯಸ್ಸಿನ ಕುದುರೆಗಳನ್ನು ಮಾರುವುದು, ವಯಸ್ಸಾದವನ್ನು ಮುಗಿಸುವುದು. ಮುಗಿಸುವ ಕೆಲಸ ಲಾಳಗಾರನದ್ದು. ಕುದುರೆಯ ಸಂಖ್ಯೆಯನ್ನು ಅದರ ಗೊರಸಿನ ಮೇಲೆ ಸುಟ್ಟು ಬರೆದಿರುತ್ತಾರೆ. ಕುದುರೆ ಸತ್ತ ಮೇಲೆ ಲಾಳಗಾರ ಆ ಗೊರಸನ್ನು ಕೊಡಲಿಯಲ್ಲಿ ಕತ್ತರಿಸಿ ಉಗ್ರಾಣಕ್ಕೆ ಒಪ್ಪಿಸಬೇಕು. ಸತ್ತದ್ದಕ್ಕೆ ಅದೇ ಸಾಕ್ಷಿ. ತಾನೇ ಲಾಳ ಹೊಡೆದ ಗೊರಸುಗಳು, ಯಾವ ಕುದುರೆ ಯಾವ ಕಾಲು ಎತ್ತಿ ಕೊಡಲು ಹಟ ಮಾಡುತ್ತಿತ್ತು ಎಂದು ಅಪ್ಪನಿಗೆ ಗೊತ್ತು. ನಾಲ್ಕು ದಿನ ಅದನ್ನೇ ಮಾಡಿದರು. ಮನೆಗೆ ಬಂದರೆ ಊಟವಿಲ್ಲ, ಹಿತ್ತಲಲ್ಲಿ ಕೈ ತಿಕ್ಕಿಕೊಳ್ಳುವುದು ಮಾತ್ರ. ಐದನೆಯ ದಿನ ಎಲ್ಲರೂ ಹೊಸ ಬ್ಯಾಡ್ಜು ಸಿಕ್ಕಿಸಿಕೊಂಡು ಕವಾಯತಿಗೆ ಹೋದರು, ಅಪ್ಪ ಹೋಗಲಿಲ್ಲ. ಅದನ್ನು ಒಂದು ಕಾಗದದಲ್ಲಿ ಸುತ್ತಿ ದಾರ ಕಟ್ಟಿದರು. ಅದಕ್ಕೇ ಅದು ಸವೆದಿಲ್ಲ.

ಉಳಿದದ್ದನ್ನು ಅವರು ಹೇಳಿದ್ದು ಹಾಸಿಗೆ ಹಿಡಿದ ಮೇಲೆ. ಮುಗಿಸಿದ ಕುದುರೆಗಳ ಸಂಖ್ಯೆಯನ್ನೆಲ್ಲ ಆ ಕಾಗದದಲ್ಲಿ ಬರೆದಿದ್ದಾರಂತೆ. "ಉಗ್ರಾಣದವ್ರು ಗೊರಸು ಎಣಿಸ್ಕೊಂಡು ಗುಂಡಿಗೆ ಹಾಕ್ತಾರೆ. ಎಲ್ಲಾದ್ರೂ ಒಂದು ಕಡೆ ಬರೆದಿಡ್ಬೇಕಲ್ಲ" ಎಂದರು. ಪುರಾವೆ ಕೇಳಿದೆಯಲ್ಲ, ಅದು ನಿನ್ನ ಹತ್ತಿರವೇ ಇದೆ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಅವನಿಗೆ ಹೇಳ್ಬೇಡಮ್ಮ. ಅವನ ಮನಸ್ಸಲ್ಲಿ ನಾನು ಕುದುರೆ ಮೇಲಿದೀನಿ, ಅಲ್ಲೇ ಇರ್ಲಿ" ಎಂದರು.

ಈಗ ಸುಳ್ಳಿನ ವಿಚಾರ. ಭರ್ಜಿಯ ಕಥೆಯನ್ನು ಅಪ್ಪ ಯಾವತ್ತು ಹೇಳಿದರು? ನೆನಪಿಸಿಕೋ. ಹೇಳಿದ್ದು ನೀನು. ಏಳು ವರ್ಷದವನು ತರಗತಿಯಲ್ಲಿ ಬೊಗಳೆ ಬಿಟ್ಟೆ, ಎಲ್ಲರೂ ಸವಾರ ಎಂದು ಕರೆದರು. ಮೇಷ್ಟ್ರು ಒಂದು ದಿನ ದಾರಿಯಲ್ಲಿ ಅಪ್ಪನನ್ನು ನಿಲ್ಲಿಸಿ ನಿಜವೇ ಎಂದು ಕೇಳಿದರು. ನೀನು ಅವರ ಕೈ ಹಿಡಿದುಕೊಂಡಿದ್ದೆ, ನಾನು ಪಕ್ಕದಲ್ಲಿದ್ದೆ. ಅಪ್ಪ ನಿನ್ನ ಮುಖ ನೋಡಿದರು. "ಹೌದು ಮೇಷ್ಟ್ರೇ, ಸ್ವಲ್ಪ ವರ್ಷ" ಎಂದರು. ಅವರು ಹೇಳಿದ ಸುಳ್ಳು ಅದೊಂದೇ. ಅದೂ ನಿನ್ನ ಮುಖ ಉಳಿಸುವುದಕ್ಕೆ.

ಹದಿನೆಂಟು ವರ್ಷ ಟೋಪಿಯ ಮೇಲಿದ್ದ ಬ್ಯಾಡ್ಜು ಎಲ್ಲಿ ಎಂದು ಕೇಳಿದ್ದೆ. ಯಾರಿಗೆ ಕೊಟ್ಟೆ ಎಂದು ನನ್ನನ್ನು ಕೇಳಿದ್ದೆ. ನಿನಗೆ ಒಂಬತ್ತು ತುಂಬಿದ ದಿನ ಅಪ್ಪ ಅದನ್ನು ನಿನ್ನ ಅಂಗೈಯಲ್ಲಿ ಇಟ್ಟರು. ಜೋಪಾನ ಎಂದರು. ಚಿತ್ರವಿಲ್ಲ, ಅಕ್ಷರವಿಲ್ಲ, ಸೋಪಿನ ಹಾಗೆ ನುಣುಪು. ನೀನೇ ಬರೆದಿದ್ದೀಯಲ್ಲ. ಒಂದು ವಾರಕ್ಕೆ ನೀನು ಅದನ್ನು ಶಾಲೆಯ ಗೇಟಿನಲ್ಲಿ ದಾಟಿಸಿ, ಹೊಳೆಯುವುದನ್ನು ಎದೆಗೆ ಸಿಕ್ಕಿಸಿಕೊಂಡು ಕುಣಿಯುತ್ತಾ ಬಂದೆ. ಅಪ್ಪ ಆ ಹೊಳೆಯುವುದನ್ನು ತೆಗೆದುಕೊಂಡು ತಿರುಗಿಸಿ ಹಿಂಭಾಗ ನೋಡಿದರು. ನಾನು ನೋಡುತ್ತಿದ್ದೆ. ಚೆನ್ನಾಗಿದೆ ಎಂದು ಹೇಳಿ ತಾವೇ ನಿನ್ನ ಅಂಗಿಗೆ ಸಿಕ್ಕಿಸಿದರು. ಆಮೇಲೆ ಹಿತ್ತಲಿಗೆ ಹೋಗಿ ತುಂಬ ಹೊತ್ತು ಕೈ ತೊಳೆದರು. ಸಂಗ್ರಾಹಕನ ಕಣ್ಣು ಅಂದೇ ಇತ್ತಂತೆ ನಿನಗೆ.

ಕೊನೆಗೆ ನನ್ನದೊಂದು. ಲಾಯದಲ್ಲಿ ಒಂದು ಮುದಿ ಹೆಣ್ಣುಕುದುರೆ ಇತ್ತು. ನೂರಹದಿನೆಂಟು. ನಾನು ಅಜ್ಜಮ್ಮ ಎಂದು ಕರೆಯುತ್ತಿದ್ದೆ. ಕ್ಯಾರೆಟ್ಟಿನ ತುದಿಗಳನ್ನು ಉಳಿಸಿ ತೆಗೆದುಕೊಂಡು ಹೋದರೆ ಗೋಡೆಯ ಮೇಲಿಂದ ಮೂತಿ ಚಾಚುತ್ತಿತ್ತು. ಆ ವಾರ ಅಪ್ಪನನ್ನು ಕೇಳಿದೆ. ಹಾಲಿನ ಗಾಡಿಯವರು ಕೊಂಡುಹೋದರು ಎಂದರು. ಎಷ್ಟೋ ವರ್ಷ ಹಾಲಿನ ಗಾಡಿ ಬಂದಾಗಲೆಲ್ಲ ಓಡಿಹೋಗಿ ನೋಡುತ್ತಿದ್ದೆ. ಆ ಕಾಗದವನ್ನು ನಾನು ಬಿಚ್ಚದೆ ಇದ್ದದ್ದು ಅದಕ್ಕೇ. ನೀನು ಈಗ ಬಿಚ್ಚಿದ್ದೀಯ. ನೂರಹದಿನೆಂಟು ಅದರಲ್ಲಿದೆಯೇ ನೋಡಿ ಬರೆ. ಬರೆಯಬೇಡ ಎನ್ನೋಣವೆಂದರೆ ಮನಸ್ಸು ಕೇಳುವುದಿಲ್ಲ. ಬರೆ, ಕಾಗದವನ್ನೂ ಕಳಿಸು.

ಅಚ್ಚು ಹಾಕಿಸುವುದಿದ್ದರೆ ಹಾಕಿಸು ಈಗ.

ಅಕ್ಕ


ಏಪ್ರಿಲ್ 22, 1984

ಅಕ್ಕಾ,

ಬೆಳಿಗ್ಗೆ ಹಲಗೆಯಿಂದ ಒಂದನೇ ನಂಬರನ್ನು ಕಿತ್ತೆ. ನಲವತ್ತು ವರ್ಷದಲ್ಲಿ ಅದೊಂದನ್ನು ಮಾತ್ರ ನಾನು ತಿರುಗಿಸಿ ಪರೀಕ್ಷೆ ಮಾಡಿರಲಿಲ್ಲ. ಬೇರೆಯವರ ಬ್ಯಾಡ್ಜಿನ ಹಿಂಭಾಗವನ್ನು ಭೂತಗನ್ನಡಿ ಹಿಡಿದು ನೋಡುವವನು, ಇದು ನನ್ನದು, ಇದಕ್ಕೇನು ಪರೀಕ್ಷೆ ಎಂದುಕೊಂಡೆ. ಹಿಂದೆಲ್ಲ ಮರಳಿನ ಕಲೆ, ಅಸಲಿಯ ಹಾಗೆ ಅಚ್ಚಿನಲ್ಲಿ ಒತ್ತಿದ್ದಲ್ಲ, ಎರಕ ಹೊಯ್ದದ್ದು. ಕೊಂಡಿಯನ್ನು ಸೀಸದಲ್ಲಿ ಮೆತ್ತಿದ್ದಾರೆ. ಆಟದ ಸಾಮಾನು. ಕಬ್ಬಿಣ, ಹಿತ್ತಾಳೆ ಹಿಡಿದು ಬಾಳಿದ ಅಪ್ಪನಿಗೆ ನೋಡಿದ ಕೂಡಲೇ ತಿಳಿದಿರುತ್ತದೆ. ತಿಳಿದೂ ಚೆನ್ನಾಗಿದೆ ಎಂದರು.

ಒಂದು ಗಂಟೆ ಅತ್ತೆ. ಮನೆಯಲ್ಲಿ ಯಾರೂ ಇರಲಿಲ್ಲ.

ಅಪ್ಪನ ಕಾಗದ ಮೇಜಿನ ಮೇಲೇ ಇದೆ. ನಾನು ಏನನ್ನೂ ಬಿಸಾಡುವವನಲ್ಲ, ಮುಟ್ಟುಗೋಲು ಹಾಕಿದ ಸಾಮಾನಿನ ಹೊದಿಕೆಯನ್ನೂ ಇಟ್ಟುಕೊಳ್ಳುವುದು ನಮ್ಮ ಇಲಾಖೆಯ ಅಭ್ಯಾಸ. ನಲವತ್ತಮೂರು ಸಂಖ್ಯೆಗಳಿವೆ. ಹತ್ತು ಹತ್ತರ ನಾಲ್ಕು ಸಾಲು, ಕೆಳಗೆ ಮೂರು. ಅಂಕಿಗಳು ದುಂಡಗಿವೆ, ಒಂದೂ ಚಿತ್ತಿಲ್ಲ. ಕೊನೆಯದು ನೂರಹದಿನೆಂಟು. ಅದನ್ನು ಬರೆಯುವಾಗ ಪೆನ್ಸಿಲ್ಲನ್ನು ಎಷ್ಟು ಒತ್ತಿದ್ದಾರೆಂದರೆ ಕಾಗದ ತೂತಾಗಿದೆ. ಉಳಿದವನ್ನೆಲ್ಲ ಮುಗಿಸುವವರೆಗೆ ಅದನ್ನು ಮುಟ್ಟದೆ ಇಟ್ಟುಕೊಂಡಿದ್ದರು ಎಂದು ಕಾಣುತ್ತದೆ.

ಇಷ್ಟು ಬರೆದು ನಿನ್ನ ಕಾಗದವನ್ನು ಮತ್ತೆ ಓದಿದೆ. ಹಾಲಿನ ಗಾಡಿಯ ಸಾಲಿನ ಹತ್ತಿರ ಬಂದು ನಿಂತೆ. ಅಪ್ಪ ನಿನಗೆ ಹೇಳಿದ್ದನ್ನು ನಾನು ಹೇಗೆ ಅಳಿಸಲಿ? ಸುಳ್ಳು ತೂಕ ಹಿಡಿಯುವುದೇ ನನ್ನ ಅನ್ನ. ಒಂದು ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

ಈ ಕಾಗದ ಕಳಿಸುವುದಿಲ್ಲ. ಅಪ್ಪನ ಚೀಟಿಯ ಜೊತೆ ಖಾನೆಯಲ್ಲೇ ಇರಲಿ. ನಾಳೆ ಬೇರೆ ಬರೆಯುತ್ತೇನೆ.


ಏಪ್ರಿಲ್ 23, 1984

ಅಕ್ಕನಿಗೆ,

ಲೇಖನವನ್ನು ವಾಪಸು ತೆಗೆದುಕೊಂಡೆ. ಅಪ್ಪನ ವಿಷಯ ಒಂದಕ್ಷರವೂ ಅಚ್ಚಾಗುವುದಿಲ್ಲ. ಬ್ಯಾಡ್ಜನ್ನು ಇದರ ಜೊತೆ ಕಳಿಸಿದ್ದೇನೆ. ಅಸಲಿ. ನನ್ನ ತಪ್ಪು.

ಕಾಗದ ಮಾತ್ರ ಕಳಿಸಲಾಗುವುದಿಲ್ಲ. ಹೋದ ತಿಂಗಳು ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ಹೋಯಿತು. ಅಂಗಡಿಯ ಚೀಟಿ ಎಂದುಕೊಂಡಿದ್ದೆ. ಆದರೆ ಬಿಸಾಡುವ ಮುಂಚೆ ಅಂಕಿಗಳನ್ನೆಲ್ಲ ನೋಡಿದ್ದೆ. ಅಂಕಿ ಕಂಡರೆ ಓದದೆ ಬಿಡುವುದಿಲ್ಲ ನಾನು, ಓದಿದ್ದನ್ನು ಮರೆಯುವುದೂ ಇಲ್ಲ. ನಲವತ್ತೆರಡಿದ್ದವು. ನೂರಹದಿನೆಂಟು ಇರಲಿಲ್ಲ. ನೂರಹದಿನೇಳು ಇತ್ತು, ಅದಾದ ಮೇಲೆ ನೂರಿಪ್ಪತ್ತಮೂರು.

ಇಷ್ಟು ವರ್ಷ ನನಗೆ ಹೇಳದೆ ಇದ್ದದ್ದಕ್ಕೆ ನಿನ್ನ ಮೇಲೆ ಸಿಟ್ಟಿದೆ. ಅದು ಇಳಿಯುವುದಿಲ್ಲ. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ತಮ್ಮ


ಮೇ 1, 1984

ರದ್ದಿಗೆ ಹಾಕಿದೆಯಾ.

ಅಪ್ಪನ ಕೈಬರಹ ಎಂದು ಈ ಭೂಮಿಯ ಮೇಲೆ ಉಳಿದಿದ್ದದ್ದು ಅದೊಂದೇ. ಜೋಪಾನ ಮಾಡು ಎಂದು ಬರೆದಿದ್ದೆ, ಕನ್ನಡದಲ್ಲೇ ಬರೆದಿದ್ದೆ. ಒಂಬತ್ತನೆಯ ವಯಸ್ಸಿನಲ್ಲಿ ಅವರ ಬ್ಯಾಡ್ಜು ಕಳೆದೆ, ನಲವತ್ತೊಂಬತ್ತಕ್ಕೆ ಅವರ ಬರಹ ಕಳೆದೆ. ನಿನ್ನ ಕೈಗೆ ಕೊಟ್ಟದ್ದು ಯಾವುದು ಉಳಿದಿದೆ ಹೇಳು. ನಿನ್ನ ಭಾವನಿಗೂ ಹೇಳಿದೆ, ನಿಮ್ಮ ಮಾತು ಕೇಳಿ ಕೆಟ್ಟೆ ಎಂದು. ಎರಡು ದಿನದಿಂದ ಅವರ ಹತ್ತಿರವೂ ಮಾತಿಲ್ಲ.

ಅಜ್ಜಮ್ಮ ಅದರಲ್ಲಿ ಇರಲಿಲ್ಲ ಎಂದೆ. ಬೇರೆ ಯಾರಾದರೂ ಹೇಳಿದ್ದರೆ ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ನೀನು ಹೆತ್ತ ಅಪ್ಪನನ್ನೇ ಸುಳ್ಳುಗಾರ ಎಂದು ಅಚ್ಚು ಹಾಕಿಸಲು ಹೊರಟವನು. ನನಗೋಸ್ಕರ ಒಂದು ಸುಳ್ಳು ಹೇಳುವಷ್ಟು ಕರುಳು ನಿನ್ನಲ್ಲಿಲ್ಲ. ಹಾಗಾಗಿ ನಂಬಿದ್ದೇನೆ.

ಆ ಒಂದು ಸಾಲನ್ನು ಕತ್ತರಿಸಿ ಸೂಜಿಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ನಿನ್ನ ಕಾಗದದಲ್ಲಿ ಉಳಿದದ್ದು ಒಲೆಗೆ ಹೋಯಿತು. ಇನ್ನು ಬರೆಯಬೇಡ.

ಅಕ್ಕ